ಅಕ್ಕಾ, ಅರ್ಥ್ ಆಯ್ತಾ?

ನಮ್ಮಕ್ಕನ ಬಗ್ಗೆ ಬರೆಯಬೇಕೆಂದರೆ ಮುಖದಿಂದ ಶುರು ಮಾಡಿ ಪ್ರಯೋಜನವಿಲ್ಲ, ಪಾದದಿಂದ ಶುರು ಮಾಡಬೇಕು. ಅಗಲವಾದ ಪಾದ. ಬೆರಳುಗಳು ಒಂದರ ಜೊತೆ ಒಂದು ಮಾತು ಬಿಟ್ಟ ಹಾಗೆ ದೂರ ದೂರ. ಅವಳ ಅಳತೆಯ ಚಪ್ಪಲಿ ಯಾವ ಅಂಗಡಿಯಲ್ಲೂ ಸಿಗದೆ, ಕೊನೆಗೆ ಗಂಡಸರ ಚಪ್ಪಲಿ ಹಾಕಿಕೊಂಡೇ ಓಡಾಡುತ್ತಾಳೆ. ಈಗ ಅವಳಿಗೆ ಐವತ್ತಾರು. ಮೂವತ್ತು ವರ್ಷದಿಂದ ಆ ಪಾದಗಳಲ್ಲೇ ಹೆಣ್ಣುಮಕ್ಕಳಿಗೆ ಕುಣಿತ ಕಲಿಸುತ್ತಿದ್ದಾಳೆ.

ಅವಳೇನೂ ಕುಣಿತ ಕಲಿತು ಬಂದವಳಲ್ಲ. ಮಹಿಳಾ ಸಂಘದ ಹಾಲಿನಲ್ಲಿ ಕಸ ಗುಡಿಸಲು ಸೇರಿದ್ದವಳು. ಆಗ ಅಲ್ಲಿ ಕಲಿಸುತ್ತಿದ್ದ ಟೀಚರಮ್ಮನಿಗೆ ಒಂದು ದಿನ ಮಂಡಿ ಹಿಡಿದುಕೊಂಡಿತು. ಮಕ್ಕಳು ಸುಮ್ಮನೆ ನಿಂತಿದ್ದನ್ನು ನೋಡಲಾರದೆ ಅಕ್ಕ ಪೊರಕೆ ಕೈಯಲ್ಲಿ ಹಿಡಿದೇ ಹೆಜ್ಜೆ ಹಾಕಿ ತೋರಿಸಿದಳಂತೆ. ಟೀಚರಮ್ಮ ಕುರ್ಚಿಯಲ್ಲಿ ಕೂತು ಪೂರ್ತಿ ನೋಡಿ, "ಆ ಪೊರಕೆ ಕೆಳಗಿಡು, ಇನ್ನೊಂದ್ಸಲ ಮಾಡು" ಅಂದರಂತೆ. ಅವತ್ತು ಕೆಳಗಿಟ್ಟ ಪೊರಕೆಯನ್ನು ಅಕ್ಕ ಆಮೇಲೆ ತನ್ನ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಹಿಡಿದಿಲ್ಲ.

ಆ ಹಾಲು ಮೊದಲನೇ ಮಹಡಿಯಲ್ಲಿದೆ. ಕೆಳಗೆ ಕನ್ನಡಕದ ಅಂಗಡಿ. ಹಾಲಿನ ಒಂದು ತುದಿಗೆ ಮೊಣಕಾಲೆತ್ತರದ ಮರದ ಹಲಗೆ ವೇದಿಕೆ, ಅದರ ಮಗ್ಗುಲಲ್ಲಿ ಒಬ್ಬ ಮನುಷ್ಯ ಹಲಗೆಯಡಿಗೆ ತೆವಳಿಕೊಂಡು ಹೋಗುವಷ್ಟು ಕಿಂಡಿ. ವೇದಿಕೆಯ ಮೂಲೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಭಾವನ ರಿಸೀವರು.

ಭಾವ ಅಚ್ಚಿನ ಮನೆಯಲ್ಲಿ ಕೆಲಸ ಮಾಡುವವರು. ಮದುವೆಯಾದ ವರ್ಷ ಮನೆಗೆ ಬೀರು ತರುತ್ತೇನೆಂದು ಹೋಗಿ ಈ ಹಳೇ ರಿಸೀವರು, ಅಂದರೆ ರೇಡಿಯೋ, ಆಂಪ್ಲಿಫೈಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಸೆಟ್ಟು, ಹೊತ್ತು ತಂದಿದ್ದರು. ಬೆಳ್ಳಿ ಬಣ್ಣದ ಮುಖ, ಅಕ್ಕಪಕ್ಕ ಮರದ ಹಲಗೆ, ಎತ್ತಿದರೆ ಸೊಂಟ ಉಳುಕುವಷ್ಟು ಭಾರ. ಮುಖದ ಮೇಲೆ ಹಳದಿ ಬೆಳಕಿನ ಎರಡು ಕಿಟಕಿ, ಒಂದೊಂದು ಕಿಟಕಿಯೊಳಗೆ ಒಂದೊಂದು ಮುಳ್ಳು. ಹಾಡು ಜೋರಾದರೆ ಮುಳ್ಳು ಬಲಕ್ಕೆ ಹಾರುತ್ತದೆ, ಮೆತ್ತಗಾದರೆ ಎಡಕ್ಕೆ ಮಲಗುತ್ತದೆ. ತಾಳ ಬಿದ್ದ ಕಡೆಯೆಲ್ಲ ಒಂದೊಂದು ಕುಪ್ಪಳಿಕೆ. ಎಡದ ಮುಳ್ಳು ಸತ್ತು ಎಷ್ಟೋ ವರ್ಷವಾಯಿತು. ಬಲದ್ದು ಎರಡು ತಿಂಗಳ ಹಿಂದೆ ನಿಂತುಹೋಯಿತು.

ಅದು ನಿಂತ ಮಾರನೇ ದಿನವೇ ಅಕ್ಕ ನನ್ನ ಅಂಗಡಿಗೆ ಬಂದಳು. ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಮೋಟಾರಿನ ತಂತಿ ಬಿಚ್ಚಿ ಹೊಸ ತಂತಿ ಸುತ್ತುವುದು ಕೆಲಸ. ಆರನೇ ಕ್ಲಾಸಿಗೆ ಶಾಲೆಗೆ ಕೈ ಮುಗಿದವನು ನಾನು. ಆದರೆ ಸುತ್ತು ಎಣಿಸುವುದರಲ್ಲಿ ಇವತ್ತಿನವರೆಗೂ ತಪ್ಪಿಲ್ಲ. ತಪ್ಪುವುದೆಲ್ಲ ಬಾಯಿ. ಸದಾ ಕೂಗಾಡುತ್ತೇನೆಂದು ಅಕ್ಕ ನನಗಿಟ್ಟ ಹೆಸರು ಕುಕ್ಕರ್.

"ಲೋ ಕುಕ್ಕರ್, ರಿಸೀವರಿನ ಮುಳ್ಳು ನಿಂತೋಯ್ತು ಕಣೋ. ಒಂಚೂರು ನೋಡೋ."

"ಹಾಡು ಬರ್ತಿದೆ ತಾನೇ?"

"ಬರ್ತಿದೆ."

"ಮತ್ತೆ ಮುಳ್ಳು ಕಟ್ಕೊಂಡು ಏನ್ಮಾಡ್ತೀಯ? ಹಾಡು ಕೇಳೋದು ಕಿವೀಲಿ. ನಿಂಗೆ ಕೆಲ್ಸ ಇಲ್ಲ ಅಂದ್ರೆ ನಂಗೂ ಇಲ್ವಾ? ಅರ್ಥ ಆಯ್ತಾ?"

"ಆಯ್ತು" ಅಂದಳು. ಹೋದಳು. ಕಿವಿ ಎಂದ ನನ್ನ ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಅಲ್ಲಿಂದ ಒಂದೂವರೆ ತಿಂಗಳಿಗೆ ಸಂಘದಿಂದ ಕಾಗದ ಬಂತು. ಟೀಚರ್ ಹಾಡು ಒಂದು ಕಡೆ, ಹೆಜ್ಜೆ ಒಂದು ಕಡೆ ಮಾಡಿಸುತ್ತಿದ್ದಾರೆ, ಮಕ್ಕಳು ಏನಾದರೂ ಕೇಳಿದರೆ ಲಕ್ಷ್ಯ ಕೊಡುವುದಿಲ್ಲ ಎಂದು ಒಬ್ಬ ತಾಯಿ ದೂರು ಕೊಟ್ಟಿದ್ದರು. ಮುಂದಿನ ಭಾನುವಾರ ಹನ್ನೊಂದು ಗಂಟೆಗೆ ಅಧ್ಯಕ್ಷೆಯೂ ಕಾರ್ಯದರ್ಶಿಯೂ ಬಂದು ತರಗತಿ ನೋಡುತ್ತಾರೆ. ಸರಿ ಕಾಣದಿದ್ದರೆ ತರಗತಿಯನ್ನು ಬೇರೆಯವರಿಗೆ ಕೊಡುತ್ತಾರೆ. ಭಾವ ಆ ಕಾಗದವನ್ನು ಅಚ್ಚಿನ ತಪ್ಪು ಹುಡುಕುವವರ ಹಾಗೆ ನಾಲ್ಕು ಸಲ ಓದಿ ಮಡಚಿಟ್ಟರು. ಅಕ್ಕ ಮಾತ್ರ ಅತ್ತಿತ್ತ ಕೇಳಿಕೊಂಡು, ಮದುವೆ ಮನೆಗಳಿಗೆ ಮೈಕ್ ಹಾಕುವವನ ಹತ್ತಿರ ಹಳೆಯದೊಂದು ಜೊತೆ ಸಬ್‌ವೂಫರ್ ತಂದಳು. ಒಂದೂವರೆ ಗೇಣೆತ್ತರದ ಎರಡು ಕಪ್ಪು ಪೆಟ್ಟಿಗೆ. ಒಳಗೇ ಆಂಪ್ಲಿಫೈಯರ್ ಕೂತಿದೆ, ಕರೆಂಟಿಗೆ ಬೇರೆಯೇ ಮೂರು ಪಿನ್ನಿನ ಪ್ಲಗ್ಗು. ಅವುಗಳ ಕೆಲಸ ಒಂದೇ, ಗುಮ್ಮು ಸದ್ದು ಕೊಡುವುದು.

"ಇವೆರಡನ್ನೂ ರಿಸೀವರಿಗೆ ಸೇರ್ಸಿ ವೇದಿಕೆ ಕೆಳಗೆ ಇಡು. ಸದ್ದು ಸಾಲ್ತಾ ಇಲ್ಲ" ಅಂದಳು.

"ಕೆಳಗೆ ಯಾಕೆ? ಮೇಲಿಟ್ರೆ ಚೆನ್ನಾಗಿ ಕೇಳ್ಸುತ್ತೆ."

"ಕೆಳಗೇ ಇಡು. ಹೇಳಿದಷ್ಟು ಮಾಡೋ."

ನನಗೆ ರೇಗಿತು. ಕೆಲಸವೇ ಕೈಬಿಡುವ ಹೊತ್ತಿನಲ್ಲಿ ಇವಳಿಗೆ ಗುಮ್ಮು ಸದ್ದಿನ ಶೋಕಿ ಅಂದುಕೊಂಡೆ. ಆದರೂ ಶನಿವಾರ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ, ಮೀಟರು, ಸ್ಕ್ರೂಡ್ರೈವರು, ಎರಡು ಸುರುಳಿ ವೈರು ತೆಗೆದುಕೊಂಡು ಹಾಲಿಗೆ ಹೋದೆ.

ರಿಸೀವರಿನ ಹಿಂಭಾಗ ತಿರುಗಿಸಿ ನೋಡಿದ ಮೇಲೆ ನನ್ನ ಜಂಭ ಅರ್ಧ ಇಳಿಯಿತು. ಸಬ್‌ವೂಫರಿಗೆಂದು ಅದರಲ್ಲಿ ಜಾಗವೇ ಇಲ್ಲ. ಮೋಟಾರಿನ ಸಂಗತಿ ಹೇಳು, ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ. ಇದು ನನ್ನ ದಾರಿಯಲ್ಲ. ರೇಡಿಯೋ ಅಜ್ಜನಿಗೆ ಫೋನ್ ಮಾಡಿದೆ. ಐವತ್ತು ವರ್ಷ ರೇಡಿಯೋ ರಿಪೇರಿ ಮಾಡಿ ಈಗ ಮನೆಯಲ್ಲಿರುವ ಮುದುಕರು. ಏನು ಕೇಳಿದರೂ ಮೊದಲು "ತಡಿ" ಅನ್ನುತ್ತಾರೆ.

"ತಡಿ" ಅಂದರು. "ಆ ಸೆಟ್ಟು ಹುಟ್ಟಿದಾಗ ಈ ಪೆಟ್ಟಿಗೆಗಳು ಇನ್ನೂ ಹುಟ್ಟಿರಲಿಲ್ಲ, ಜಾಗ ಎಲ್ಲಿಂದ ಬರ್ಬೇಕು? ಸ್ಪೀಕರ್ ಎ, ಸ್ಪೀಕರ್ ಬಿ ಅಂತ ಎರಡು ಜೊತೆ ಇದ್ಯಾ?"

"ಇದೆ. ಎ-ನಲ್ಲಿ ಹಳೇ ಸ್ಪೀಕರ್ ಇದಾವೆ. ಬಿ ಖಾಲಿ."

"ಹಂಗಾದ್ರೆ ಬಿ-ಯಿಂದ ವೈರು ಎಳೆದು ಸಬ್‌ವೂಫರಿನ ಹಿಂದೆ ಸ್ಪೀಕರ್ ವೈರಿಗೆ ಅಂತ ಇರೋ ಜಾಗಕ್ಕೆ ಕೊಡು. ಎಡದ್ದು ಒಂದಕ್ಕೆ, ಬಲದ್ದು ಇನ್ನೊಂದಕ್ಕೆ."

"ಟೇಪಿಗೆ ಹೋಗೋ ತೂತಿಂದ ತಗೊಂಡ್ರೆ? ಅದು ಸುಲಭ ಕಾಣುತ್ತೆ."

"ತಗೋ. ಆಮೇಲೆ ಹಾಡು ಕಮ್ಮಿ ಮಾಡಿದ್ರೂ ಗುಮ್ಮು ಕಮ್ಮಿ ಆಗಲ್ಲ, ಕೆಳಗಿನ ಅಂಗಡಿಯವನು ಬಂದು ನಿನ್ನ ಕೊರಳಪಟ್ಟಿ ಹಿಡೀತಾನೆ. ಬೇಡ. ತಡಿ, ಮುಖ್ಯವಾದ್ದು ಕೇಳು. ಬಿ-ನಲ್ಲಿ ಎಡಕ್ಕೊಂದು ಬಲಕ್ಕೊಂದು ಕಪ್ಪು ಟರ್ಮಿನಲ್ ಇರುತ್ತಲ್ಲ, ಆ ಎರಡೂ ಒಳಗೆ ಒಂದೇನಾ ಅಂತ ಮೀಟರ್ ಇಟ್ಟು ನೋಡು. ಸೊನ್ನೆ ಬಂದ್ರೆ ಬಚಾವ್. ಕೆಲವು ಹಳೇ ಸೆಟ್ಟಲ್ಲಿ ಬೇರೆ ಬೇರೆ ಇರುತ್ತೆ. ಗೊತ್ತಿಲ್ದೆ ಸೇರ್ಸಿದ್ರೆ ಒಳಗಿನ ಟ್ರಾನ್ಸಿಸ್ಟರ್ ಅಲ್ಲೇ ಹೊಗೆ."

"ಹೊಗೆ ಆದ್ರೆ?"

"ಆದ್ರೆ ಹಾರ ಹಾಕು. ಆ ನಂಬರು ಈಗೆಲ್ಲಿ ಸಿಗುತ್ತೆ? ನನ್ನ ಹತ್ರ ಎರಡಿತ್ತು. ಇಲಿ ಡಬ್ಬಿ ಉರುಳಿಸಿ ಎಲ್ಲೋ ಹೋದ್ವು."

ನಾಳೆ ಹನ್ನೊಂದಕ್ಕೆ ಪರೀಕ್ಷೆ. ಇವತ್ತು ನಾನೇ ರಿಸೀವರು ಸುಟ್ಟರೆ ಗುಮ್ಮು ಹಾಗಿರಲಿ, ಹಾಡೇ ಇಲ್ಲ.

"ಇನ್ನೊಂದು" ಅಂದರು ಅಜ್ಜ. "ಹಿಂದೆ ಒಂದು ಪುಟ್ಟ ಸ್ಕ್ರೂ ಇರುತ್ತೆ, ಅರ್ಥಿಂದು. ಅಲ್ಲಿಂದ ಸಬ್‌ವೂಫರಿನ ಲೋಹದ ತಟ್ಟೆಗೆ ಒಂದು ವೈರು ಎಳಿ. ಹಳೇ ಸೆಟ್ಟಿಗೆ ಎರಡೇ ಪಿನ್ನು, ಒಂದೊಂದ್ಸಲ ಮೈಗೆ ಕರೆಂಟ್ ಜಿನುಗ್ತಿರುತ್ತೆ. ಅರ್ಥ್ ಮಾಡ್ದೆ ಸ್ವಿಚ್ ಹಾಕ್ಬೇಡ. ಗುಂಯ್ ಅನ್ನುತ್ತೆ, ಚುರ್ ಅಂತ ಹೊಡೆದ್ರೂ ಹೊಡೀತು."

ಎಲ್ಲ ಪ್ಲಗ್ಗು ಕಿತ್ತು, ಮೀಟರಿನ ಎರಡು ಕಡ್ಡಿ ಎರಡು ಕಪ್ಪಿಗೆ ಇಟ್ಟೆ. ಒಂದು ಜಾರಿತು. ಮತ್ತೆ ಇಟ್ಟೆ. ಸೊನ್ನೆ. ನಂಬಿಕೆ ಬರದೆ ಮೂರನೇ ಸಲ ಇಟ್ಟೆ. ಸೊನ್ನೆಯೇ. ಅಕ್ಕ ಮೇಜಿಗೆ ಆತುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು.

"ಪ್ಲಗ್ಗೆಲ್ಲ ಮತ್ತೆ ಚುಚ್ಚಿದೀನಿ. ನಾನು ಕೆಳಗೆ ಹೋಗಿ ಸಬ್‌ವೂಫರಿಗೆ ವೈರು ಕೊಡ್ತೀನಿ. ಆದ್ಮೇಲೆ ಕೂಗ್ತೀನಿ, ಸ್ವಿಚ್ ಹಾಕು" ಅಂದೆ.

"ಕೂಗ್ಬೇಡ. ಹಲಗೆ ತಟ್ಟು, ಮೂರು ಸಲ."

"ಯಾಕೆ, ನನ್ನ ಗಂಟಲಿಗೇನಾಗಿದೆ?"

"ನಿನ್ನ ಗಂಟಲು ಕೇಳಿದ್ರೆ ಕೆಳಗಿನವ್ರು ಜಗಳ ಅಂತ ಓಡಿ ಬರ್ತಾರೆ. ತಟ್ಟು."

ಕಿಂಡಿಯಿಂದ ತೂರಿ, ಹೊಟ್ಟೆ ಮೇಲೆ ತೆವಳಿಕೊಂಡು ಒಳಗೆ ಹೋದೆ. ಮೂವತ್ತು ವರ್ಷದ ಧೂಳು, ಕಳೆದುಹೋದ ಹೇರ್‌ಪಿನ್ನು, ಒಂಟಿ ಗೆಜ್ಜೆ, ಜೇಡರ ಬಲೆ. ಬ್ಯಾಟರಿ ಬಾಯಲ್ಲಿ ಕಚ್ಚಿಕೊಂಡು ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಬಿಗಿದೆ. ಹಸಿರು ವೈರಿನ ಒಂದು ತುದಿಯನ್ನು ಸಬ್‌ವೂಫರಿನ ತಟ್ಟೆಗೆ ಸುತ್ತಿ, ಇನ್ನೊಂದು ತುದಿಯನ್ನು ಹಲಗೆಯ ಸಂದಿಯಲ್ಲಿ ಮೇಜಿನ ಪಕ್ಕಕ್ಕೆ ತೂರಿಸಿದೆ. ಬ್ಯಾಟರಿ ಉಗುಳಿ ಕೂಗಿದೆ:

"ಅಕ್ಕಾ, ಹಸಿರು ವೈರು ಮೇಲೆ ಬಂತು ನೋಡು. ರಿಸೀವರಿನ ಹಿಂದಿನ ಪುಟ್ಟ ಸ್ಕ್ರೂಗೆ ಸುತ್ತಿ ಬಿಗಿ ಮಾಡು!"

ಉತ್ತರವಿಲ್ಲ. ಮಾಡುತ್ತಿದ್ದಾಳೆ ಅಂದುಕೊಂಡೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ:

"ಅಕ್ಕಾ, ಅರ್ಥ್ ಆಯ್ತಾ?"

"ಆಯ್ತು, ಆಯ್ತು!"

ಮೂರು ಸಲ ಹಲಗೆ ತಟ್ಟಿದೆ. ಮೇಲೆ ಸ್ವಿಚ್ಚು ಟಪ್ ಅಂದಿತು. ನನ್ನ ಎಡಗೈ ತಟ್ಟೆಯ ಮೇಲಿತ್ತು, ಬಲಗೈ ಬೆರಳು ಕಪ್ಪು ವೈರಿನ ಬರಿ ಎಳೆಗೆ ತಾಕಿತ್ತು. ಚುರ್ ಅಂತ ಮೊಣಕೈವರೆಗೆ ಕೆಂಜಿಗ ಕಚ್ಚಿದ ಹಾಗಾಯಿತು. ಜೊತೆಗೇ ಎರಡೂ ಪೆಟ್ಟಿಗೆ ಗುಂಯ್ ಎಂದು ಹೊಟ್ಟೆ ನಡುಗುವಂತೆ ಹೂಂಕರಿಸಿದವು. ಎಗರಿದ ರಭಸಕ್ಕೆ ತಲೆ ಹಲಗೆಗೆ ಬಡಿಯಿತು. "ಆರ್ಸೇ! ಆರ್ಸು!" ಎಂದು ಕಿರುಚಿದೆ. ಅಷ್ಟು ಜೋರಾಗಿ ನಾನು ಜೀವಮಾನದಲ್ಲಿ ಕಿರುಚಿಲ್ಲ. ಮೇಲಿನಿಂದ ಒಂದು ಹೆಜ್ಜೆಯ ಸದ್ದೂ ಇಲ್ಲ.

ಅವಳಿಗೂ ಹೊಡೆಯಿತೇ?

ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ. ಅಂಗಿ ಹರಿದಿತ್ತು. ಎದ್ದು ನೋಡಿದರೆ ಅಕ್ಕ ವೇದಿಕೆಯ ನಡುವೆ ಬರಿಗಾಲಲ್ಲಿ, ಕಣ್ಣು ಮುಚ್ಚಿ ನಿಂತಿದ್ದಾಳೆ. ಮುಖದ ತುಂಬ ನಗು. ಹಸಿರು ವೈರು ಸಂದಿಯಿಂದ ತಲೆಯೆತ್ತಿ ಹಾಗೇ ನಿಂತಿದೆ, ಅದನ್ನು ಅವಳು ಮುಟ್ಟಿಯೇ ಇಲ್ಲ. ನಾನು ಓಡಿ ಸ್ವಿಚ್ಚು ಆರಿಸಿದೆ. ಆಗ ಕಣ್ಣು ಬಿಟ್ಟಳು.

"ಯಾಕೋ ಆರ್ಸಿದೆ? ಬಂತು ಕಣೋ, ಕಾಲಿಗೆ ಬಂತು!"

"ಏನು ಬಂತು? ಹಾಡೇ ಹಾಕಿಲ್ಲ! ಕೆಳಗೆ ನಾನು ಸಾಯ್ತಾ ಕಿರುಚ್ತಿದ್ರೆ ಇಲ್ಲಿ ನಿಂತು ನಗ್ತೀಯ? ಅರ್ಥ್ ಆಯ್ತಾ ಅಂತ ಕೇಳಿದ್ರೆ ಆಯ್ತು ಅಂತ ಯಾಕಂದೆ?"

"ನೀನು ಅರ್ಥ ಆಯ್ತಾ ಅಂದೆ, ನಾನು ಆಯ್ತು ಅಂದೆ. ನೀನು ದಿನಾ ಕೇಳೋದೇ ಅದು."

"ಆ ಅರ್ಥ ಅಲ್ವೇ! ಅರ್ಥು, ವೈರು! ಹೋಗ್ಲಿ, ಅದಕ್ಕೆ ಮುಂಚೆ ನಾನೇನು ಹೇಳ್ದೆ? ಏನು ಅರ್ಥ ಆಯ್ತು, ಹೇಳು ನೋಡೋಣ?"

ಅಕ್ಕ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. ಚಿಕ್ಕವಳಿದ್ದಾಗ ಅಪ್ಪನ ಎದುರು ಸುಳ್ಳು ಸಿಕ್ಕಿಬಿದ್ದರೆ ಹಾಗೆ ಮಾಡುತ್ತಿದ್ದಳು.

"ನೀನು ಹಲಗೆ ಕೆಳಗಿದ್ದೆ" ಅಂದಳು. "ಬಾಯಿ ಕಾಣ್ಲಿಲ್ಲ."

ಎಲ್ಲರ ತಲೆಗೆ ಮಾತು ಕೂಡಲೇ ಹೋಗುತ್ತದೆ. ನನ್ನ ತಲೆಗೆ ಸುತ್ತಿಕೊಂಡು ಹೋಗುತ್ತದೆ. ಆಮೇಲೆ ಒಂದೊಂದೇ ಬಂದು ಬಡಿಯಿತು. ಫೋನ್ ಮಾಡಿದರೆ ಯಾವಾಗಲೂ ಭಾವನೇ ಎತ್ತುವುದು. ಭಾವ ಏನು ಹೇಳುವುದಿದ್ದರೂ ಎದ್ದು ಬಂದು ಅಕ್ಕನ ಎದುರಿಗೆ ನಿಂತು ಹೇಳುವುದು. ಅದನ್ನು ನೋಡಿ ನಾನು "ಭಾವ ಅಪ್ಪಣೆ ಕೇಳ್ತಿದಾರೆ" ಎಂದು ಎಲ್ಲರ ಮುಂದೆ ನಗಾಡಿದ್ದೆ. ಯಾವ ಮಾತಿಗೂ ಅಕ್ಕ ಆಯ್ತು ಆಯ್ತು ಅನ್ನುವುದು, ಆಮೇಲೆ ಮಾಡದೇ ಇರುವುದು, ನಾನು "ಹೇಳಿದ್ದು ಕಿವಿ ಮೇಲೆ ಹಾಕ್ಕೊಳ್ಳಲ್ಲ ಇವಳು" ಎಂದು ಹಾರಾಡುವುದು. ತರಗತಿಯಲ್ಲಿ ಸದಾ ರಿಸೀವರಿನ ಪಕ್ಕವೇ ನಿಂತು ಅದನ್ನೇ ನೋಡುತ್ತಿದ್ದುದು.

"ಮುಳ್ಳು" ಅಂದೆ.

"ಹೂಂ. ಅದನ್ನ ನೋಡ್ಕೊಂಡೇ ತಾಳ ಹಾಕ್ತಿದ್ದೆ. ಮೂರು ವರ್ಷ. ನಿಂತೋಯ್ತಲ್ಲ, ಕುರುಡಿ ಆದ ಹಾಗಾಯ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಹೇಳಿದ್ರೆ ಅವತ್ತೇ ಊರಿಗೆಲ್ಲ ಕೇಳ್ಸುತ್ತೆ. ನೀನು ಗುಟ್ಟು ಹೇಳೋದೂ ಕಿರುಚಿಕೊಂಡೇ ಅಲ್ವಾ? ಆದ್ರೆ ಒಂದು ಉಪಕಾರ ಮಾಡಿದೀಯ ಕಣೋ. ನೀನೊಬ್ಬ ಮಾತಾಡಿದ್ರೆ ಅಷ್ಟೋ ಇಷ್ಟೋ ಕೇಳ್ಸುತ್ತೆ."

ಕಿವಿಗೆ ಮೆಷಿನ್ ಹಾಕಿಸಿಕೊಳ್ಳಬಾರದೇ ಎಂದು ಕೇಳಿದೆ. ಕೈಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದು ತೋರಿಸಿದಳು. ಮಾತಿಗೆ ಪರವಾಗಿಲ್ಲವಂತೆ. ಈ ಹಾಲಿನಲ್ಲಿ ಹಾಡು ಹಾಕಿದರೆ ಪಾತ್ರೆ ಅಂಗಡಿ ಮಗುಚಿದ ಹಾಗಾಗುತ್ತದಂತೆ. ಜೊತೆಗೆ ತಾಯಂದಿರು ಕಂಡರೆ ಎಂಬ ಹೆದರಿಕೆ. ಭಾವನಿಗೆ ಮೊದಲಿನಿಂದಲೂ ಗೊತ್ತು. ಅಚ್ಚಿನ ಯಂತ್ರಗಳ ಸದ್ದಿನಲ್ಲಿ ಅವರೆಲ್ಲ ತುಟಿ ನೋಡಿಯೇ ಮಾತಾಡುವುದಂತೆ. ಅಕ್ಕನಿಗೆ ತುಟಿ ಓದುವುದನ್ನು ಕಲಿಸಿದ್ದು ಅವರೇ.

ಹಸಿರು ವೈರನ್ನು ನಾನೇ ಸ್ಕ್ರೂಗೆ ಸುತ್ತಿ ಬಿಗಿದೆ. ಆಮೇಲೆ ಸ್ವಿಚ್ಚು ಹಾಕಿದರೆ ಗುಂಯ್ ಸದ್ದು ಪೂರ್ತಿ ನಿಂತಿತು. ಫೋನಿನಿಂದ ಹಾಡು ಹಾಕಿದೆ. ತಾಳ ಬಿತ್ತು. ಹಲಗೆ ಒಳಗಿನಿಂದ ಯಾರೋ ಗುದ್ದಿದ ಹಾಗೆ ಅದುರಿತು. ಅಕ್ಕನ ಬೆರಳುಗಳು ಅಗಲವಾಗಿ ಹರಡಿಕೊಂಡವು. ಎಡಗಾಲು ಮುಂದೆ, ಬಲಗಾಲು ಹಿಂದೆ, ಒಂದು ಸುತ್ತು. ತಾಳ ಬಿದ್ದಲ್ಲೇ ಹೆಜ್ಜೆ.

ಕನ್ನಡಕದ ಅಂಗಡಿಯವರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. "ಏನ್ರೀ ಇದು, ನನ್ನ ಕನ್ನಡಕಗಳೆಲ್ಲ ಸ್ಟ್ಯಾಂಡಿಂದ ಇಳಿದು ನಿಮ್ಮ ಕ್ಲಾಸಿಗೆ ಸೇರೋ ಹಾಗೆ ಕುಣೀತಿದಾವೆ!"

"ನಾಳೆ ಭಾನುವಾರ, ನಿಮ್ಮ ಅಂಗಡಿ ಇಲ್ವಲ್ಲ. ಸೋಮವಾರದಿಂದ ಕಮ್ಮಿ ಮಾಡ್ತೀವಿ" ಅಂದೆ, ಆದಷ್ಟು ಮೆತ್ತಗೆ. ನನ್ನ ಮೆತ್ತಗಿನ ಸ್ವರ ಕೇಳಿ ಅವರೇ ಗಾಬರಿಯಾಗಿ ಇಳಿದು ಹೋದರು.

ಭಾನುವಾರ ಹತ್ತೂವರೆಗೆಲ್ಲ ಹದಿನಾಲ್ಕು ಹುಡುಗಿಯರು ಬಂದಿದ್ದರು. ಭಾವ ಬಾಗಿಲ ಹತ್ತಿರ ಟೀ ಫ್ಲಾಸ್ಕು ತಬ್ಬಿಕೊಂಡು ನಿಂತಿದ್ದರು. ಅದರಿಂದ ಯಾರಿಗೂ ಟೀ ಕೊಡಲಿಲ್ಲ. ನಾನು ಕಿಂಡಿಯ ಪಕ್ಕ, ವೇದಿಕೆಯ ಅಂಚಿಗೆ ಕೂತೆ. ಏನಾದರೂ ಕೆಟ್ಟರೆ ನೋಡಲು ಬಂದ ಮಿಸ್ತ್ರಿ ಎಂದು ಹೇಳುವುದೆಂದು ತೀರ್ಮಾನವಾಗಿತ್ತು. "ನೀನು ಮಾತ್ರ ಬಾಯಿ ಬಿಡ್ಬೇಡ" ಎಂದು ಅಕ್ಕ ಎರಡು ಸಲ ಹೇಳಿದ್ದಳು.

ಅಧ್ಯಕ್ಷೆ ಎಂದರೆ ಹಿಂದೆ ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದವರು. ಬಂದವರೇ ಮಕ್ಕಳಿಗೆ ಶಿಸ್ತಿನ ಮೇಲೆ ಮಾತಾಡಲು ನಿಂತರು. ಐದು ನಿಮಿಷ, ಹತ್ತು ನಿಮಿಷ, ಇಪ್ಪತ್ತು ನಿಮಿಷ. ಕಾರ್ಯದರ್ಶಿ ಪುಸ್ತಕದಲ್ಲಿ ಏನೋ ಗೀಚುತ್ತಿದ್ದರು. ಅಕ್ಕ ಅಧ್ಯಕ್ಷೆಯ ತುಟಿಯಿಂದ ಕಣ್ಣು ಕೀಳಲಿಲ್ಲ. ಎಂಥ ಗೌರವ ಎಂದು ಅವರಿಗೆ ಅನ್ನಿಸಿರಬೇಕು. ಕೊನೆಗೆ, "ಹೂಂ, ಶುರು ಮಾಡಿ" ಅಂದರು.

ಅಕ್ಕ ಹಾಡು ಒತ್ತಿ, ಮಕ್ಕಳ ಮುಂದೆ ಹೋಗಿ ನಿಂತಳು. ಹಾಡಿನ ಮೊದಲಿಗೆ ಕೊಳಲಿನಂಥ ಒಂದು ಸಣ್ಣ ಸ್ವರ ಬರುತ್ತದೆ, ಅದರಲ್ಲಿ ಗುಮ್ಮು ಇಲ್ಲ. ಅದು ಮುಗಿದ ಮೇಲೆ ತಾಳ. ನಾನು ಸುಮ್ಮನೆ ಕಿಂಡಿಯೊಳಗೆ ಕಣ್ಣು ಹಾಯಿಸಿದೆ. ಸಬ್‌ವೂಫರಿನ ಪುಟ್ಟ ದೀಪ ನಿನ್ನೆ ಹಸಿರಿತ್ತು. ಈಗ ಕೆಂಪಗಿದೆ. ಎರಡರದ್ದೂ.

ಅದರ ಹಿಂದೆ ಮೂರು ಮನೆಯ ಒಂದು ಸ್ವಿಚ್ಚಿತ್ತು. ಆನ್, ಆಟೋ, ಆಫ್. ಮೈಕಿನವನು ಆಟೋದಲ್ಲಿ ಬಿಟ್ಟು ಕೊಟ್ಟಿದ್ದ, ನಾನೂ ಹಾಗೇ ಬಿಟ್ಟಿದ್ದೆ. ಸದ್ದಿಲ್ಲದೆ ಸ್ವಲ್ಪ ಹೊತ್ತಾದರೆ ತಾನೇ ಮಲಗುತ್ತದೆ, ಮತ್ತೆ ಸದ್ದು ಬಂದರೆ ನಿಧಾನಕ್ಕೆ ಏಳುತ್ತದೆ. ಅಧ್ಯಕ್ಷೆಯ ಭಾಷಣಕ್ಕೆ ಎರಡೂ ನಿದ್ದೆ ಹೋಗಿದ್ದವು. ಹಸಿರು ವೈರಿಗೆ ಅಷ್ಟೊಂದು ಹಾರಾಡಿದವನು ನಾನು, ನನಗೇ ಅರ್ಥವಾಗದ್ದೊಂದು ಅಲ್ಲಿ ಕೂತಿತ್ತು.

ಕೊಳಲು ಮುಗಿಯಿತು. ತಾಳ ಶುರುವಾಯಿತು. ಮೇಲಿನ ಹಳೇ ಸ್ಪೀಕರಿನಿಂದ ನಮಗೆಲ್ಲ ಕೇಳಿಸುತ್ತಿದೆ. ಹಲಗೆ ಮಾತ್ರ ಸತ್ತಂತೆ ಬಿದ್ದಿದೆ. ಅಕ್ಕ ಎಡಗಾಲು ಅರ್ಧ ಎತ್ತಿ ಹಾಗೇ ನಿಂತಿದ್ದಾಳೆ, ಕಾಯುತ್ತಿದ್ದಾಳೆ. ಹುಡುಗಿಯರು ಅವಳನ್ನೇ ನೋಡುತ್ತಿದ್ದಾರೆ. ಕಾರ್ಯದರ್ಶಿಯ ಪೆನ್ನು ನಿಂತಿತು. ಕಿಂಡಿಯೊಳಗೆ ತೆವಳುವಷ್ಟು ಸಮಯವಿಲ್ಲ. ಕೂಗಿದರೆ ಎಲ್ಲರಿಗೂ ಕೇಳುತ್ತದೆ, ಅವಳಿಗೆ ಬಿಟ್ಟು.

ಎದ್ದು, ಚಪ್ಪಲಿ ಕಳಚಿ, ವೇದಿಕೆಯ ಅಂಚಿಗೆ ಕಾಲಿಟ್ಟು ಹಲಗೆಯನ್ನು ಗುದ್ದಿದೆ. ಮೊದಲನೇ ಗುದ್ದು ತಾಳಕ್ಕೆ ಸೇರಲಿಲ್ಲ, ಎರಡನೆಯದೂ ಇಲ್ಲ. ಒಬ್ಬ ಹುಡುಗಿ ಕಿಸಕ್ಕೆಂದಳು. ಸಂಗೀತ ನನಗೆ ಗೊತ್ತಿಲ್ಲ. ಆದರೆ ಸುತ್ತು ಎಣಿಸುವುದು ಗೊತ್ತು. ಮೋಟಾರಿನ ಸ್ಟೇಟರಿಗೆ ತಂತಿ ಸುತ್ತುತ್ತಿದ್ದೇನೆ ಅಂದುಕೊಂಡು ಕಣ್ಣು ಮುಚ್ಚಿದೆ. ಒಂದು, ಎರಡು, ಮೂರು, ನಾಲ್ಕು. ಒಂದು, ಎರಡು, ಮೂರು, ನಾಲ್ಕು. ಕಣ್ಣು ಬಿಟ್ಟಾಗ ಅಕ್ಕನ ಎಡಗಾಲು ಇಳಿದಿತ್ತು, ಹದಿನಾಲ್ಕು ಜೊತೆ ಕಾಲು ಅವಳ ಹಿಂದೆ ಇಳಿದಿದ್ದವು. ನನ್ನ ಹಿಮ್ಮಡಿ ಉರಿಯುತ್ತಿತ್ತು. ಎಂಟನೇ ಸಾಲೋ ಒಂಬತ್ತನೆಯದೋ, ಕೆಳಗೆ ಧುಂ ಎಂದಿತು. ದೀಪ ಹಸಿರಾಯಿತು. ನಾನು ಕೂತೆ. ಆಮೇಲೆ ಒಂದು ಹೆಜ್ಜೆಯೂ ತಪ್ಪಲಿಲ್ಲ.

ಹಾಡು ಮುಗಿಯಿತು. ಅಕ್ಕ ಒಬ್ಬ ಪುಟ್ಟಿಯ ಬಿಚ್ಚಿದ ರಿಬ್ಬನ್ ಕಟ್ಟಲು ಬಗ್ಗಿದಳು. ಅಧ್ಯಕ್ಷೆ ಅವಳ ಬೆನ್ನ ಹಿಂದಿನಿಂದ ಕೇಳಿದರು: "ಈ ಹಾಡು ಆರಿಸಿದ್ದು ಯಾರು?"

ಅಕ್ಕ ರಿಬ್ಬನ್ ಕಟ್ಟುತ್ತಿದ್ದಳು.

"ಟೀಚರ್, ನಿಮ್ಮನ್ನೇ ಕೇಳ್ತಿರೋದು."

ಆಗ ಭಾವ, ಅದು ಎಷ್ಟು ವರ್ಷದ ರೂಢಿಯೋ, ಫ್ಲಾಸ್ಕು ತಬ್ಬಿಕೊಂಡೇ ಬಾಗಿಲಿನಿಂದ ನಡೆದು ಬಂದು ಅಕ್ಕನ ಎದುರಿಗೆ ನಿಂತು, "ಹಾಡು ಯಾರು ಆರಿಸಿದ್ದು ಅಂತ ಕೇಳ್ತಿದಾರೆ" ಅಂದರು. ಅಂದ ಮೇಲೆ ತಾನೇನು ಮಾಡಿದೆ ಎಂದು ಅವರಿಗೆ ಹೊಳೆಯಿತು. ಮುಖ ಬಿಳಿಚಿಕೊಂಡಿತು.

ಅಧ್ಯಕ್ಷೆ ಭಾವನನ್ನು ನೋಡಿದರು, ನನ್ನ ಬರಿಗಾಲನ್ನು ನೋಡಿದರು, ಹಲಗೆ ನೋಡಿದರು. ಮೂವತ್ತು ವರ್ಷ ಮಕ್ಕಳ ಕಳ್ಳಾಟ ಹಿಡಿದವರು.

"ಎಷ್ಟು ದಿನದಿಂದ ಹೀಗೆ?" ಎಂದು ಭಾವನನ್ನು ಕೇಳಿದರು.

"ನನ್ನನ್ಯಾಕೆ ಕೇಳ್ತೀರ? ಅವಳನ್ನೇ ಕೇಳಿ. ಎದುರಿಗೆ ಬಂದು ಕೇಳಿ, ಹೇಳ್ತಾಳೆ."

ನನ್ನ ಭಾವ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಧ್ಯಕ್ಷೆ ಸುತ್ತಿ ಎದುರಿಗೆ ಬಂದು ಕೇಳಿದರು. ಅಕ್ಕ, "ಮೂರು ವರ್ಷ" ಅಂದಳು.

"ಮಗು ಬಿದ್ದು ಕೂಗಿದ್ರೆ?"

"ಬಿದ್ರೆ ಗೊತ್ತಾಗುತ್ತೆ, ಹಲಗೆ ಹೇಳುತ್ತೆ. ಕೂಗಿದ್ರೆ ಗೊತ್ತಾಗಲ್ಲ."

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ನಾನು ಬಾಯಿ ಬಿಡಲು ಹೊರಟಿದ್ದೆ, ಭಾವ ನನ್ನ ಅಂಗಿ ಹಿಡಿದು ಜಗ್ಗಿದರು. ಅಧ್ಯಕ್ಷೆ ಕಾರ್ಯದರ್ಶಿಯ ಜೊತೆ ಕಿಟಕಿಯ ಹತ್ತಿರ ಹೋಗಿ ಮಾತಾಡಿದರು. ಅಕ್ಕ ಇಲ್ಲಿಂದಲೇ ಅವರ ತುಟಿ ನೋಡುತ್ತಿದ್ದಳು. ಏನು ಹೇಳುತ್ತಿದ್ದಾರೆ ಎಂದು ನಾನು ಕೈಸನ್ನೆ ಮಾಡಿ ಕೇಳಿದೆ. "ಕಾರ್ಯದರ್ಶಿ ಬೇಡ ಅಂತಿದಾರೆ. ಅಧ್ಯಕ್ಷೆ ಬೆನ್ನು ತಿರುಗಿಸಿದಾರೆ, ಗೊತ್ತಾಗ್ತಿಲ್ಲ" ಎಂದು ತುಟಿಯಲ್ಲೇ ಉತ್ತರ ಕೊಟ್ಟಳು. ಆ ಬೆನ್ನನ್ನು ನೋಡುತ್ತ ನಾವು ಮೂವರೂ ನಿಂತಿದ್ದೆವು.

ತಿರುಗಿ ಬಂದು, ಅಧ್ಯಕ್ಷೆ ಅಕ್ಕನ ಎದುರಿಗೇ ನಿಂತು, ತುಟಿ ಕಾಣುವ ಹಾಗೆ ಒಂದೊಂದೇ ಮಾತು ಹೇಳಿದರು: "ತರಗತಿ ನೀವೇ ನಡೆಸಿ, ಆದ್ರೆ ಮಕ್ಕಳು ಕೂಗಿದ್ರೆ ಕೇಳಿಸಿಕೊಳ್ಳೋಕೆ ಇವರಲ್ಲಿ ಒಬ್ರು ಇಲ್ಲಿರ್ಬೇಕು. ಅರ್ಥ ಆಯ್ತಾ?"

"ಆಯ್ತು" ಅಂದಳು ಅಕ್ಕ. ಈ ಸಲ ನಿಜವಾಗಿಯೂ ಆಗಿತ್ತು.